ಹಿಂದಿನ ತಲೆ ಜಾರುತ್ತಿದ್ದ ಲೇಥು

ಸಿರುಗುಪ್ಪದ ನಮ್ಮ ಶೆಡ್ಡಿನಲ್ಲಿ ಮರ ಕಡೆಯುವ ಲೇಥೊಂದಿತ್ತು. ಅದರ ವಯಸ್ಸು ಯಾರಿಗೂ ಗೊತ್ತಿರಲಿಲ್ಲ. ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಯಾವುದೋ ಬಂಗಲೆಯ ಹಳೆಯ ಸಾಮಾನು ಹರಾಜಿಗೆ ಬಂದಾಗ ನಮ್ಮ ಸಾಹುಕಾರರು ಅದನ್ನು ಗುಜರಿಯ ತೂಕಕ್ಕೆ ಹೊಡೆದುಕೊಂಡು ಬಂದಿದ್ದರಂತೆ. ಆಮೇಲೆ ಅದಕ್ಕೊಂದು ಮೋಟರು ಕೂಡಿಸಿ, ಬೆಲ್ಟು ಹಾಕಿ, ಎತ್ತಿನ ಗಾಡಿಯ ಗಾಲಿಯ ನಡುವೆ ಕೂರುವ ಗುಂಬ, ಮಂಚದ ಕಾಲು, ತೊಟ್ಟಿಲ ಕಂಬ ಇವನ್ನೆಲ್ಲ ಕಡೆಯಲು ಹಚ್ಚಿದ್ದರು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಟೈರಿನ ಗಾಡಿಗಳು ಬಂದು ಗುಂಬದ ಗಿರಾಕಿಗಳು ಕಡಿಮೆಯಾಗಿದ್ದರು. ನಾನು ಆ ಶೆಡ್ಡಿನ ಫಿಟ್ಟರ್. ಮೋಟರು ಸುಟ್ಟರೆ, ಬೆಲ್ಟು ಹರಿದರೆ, ಗರಗಸದ ಹಲ್ಲು ಮೊಂಡಾದರೆ ಬೈಗುಳ ತಿನ್ನಲು ಇಟ್ಟುಕೊಂಡ ಮನುಷ್ಯ ಎಂದರೂ ನಡೆದೀತು.

ಲೇಥಿನ ರಚನೆ ಸರಳ. ಉದ್ದನೆಯ ಎರಡು ಕಬ್ಬಿಣದ ಹಳಿಗಳ ಮೇಲೆ ಎರಡು ತಲೆಗಳು ಎದುರುಬದುರಾಗಿ ಕೂತಿರುತ್ತವೆ. ಮುಂದಿನ ತಲೆಯನ್ನು ಮೋಟರು ತಿರುಗಿಸುತ್ತದೆ. ಹಿಂದಿನ ತಲೆ ತನ್ನ ಮೊನೆಯಿಂದ ಮರದ ತುಂಡನ್ನು ಒತ್ತಿ ಹಿಡಿದುಕೊಂಡು ಸುಮ್ಮನಿರಬೇಕು, ಅಷ್ಟೇ. ತುಂಡಿನ ಉದ್ದಕ್ಕೆ ತಕ್ಕಂತೆ ಈ ಹಿಂದಿನ ತಲೆಯನ್ನು ಸರಿಸಬೇಕು, ಸರಿಸಿದ ಮೇಲೆ ಬಿಗಿಯಬೇಕು. ಅದರ ಹೊಟ್ಟೆಯೊಳಗಿಂದ ಒಂದು ದಪ್ಪ ಬೋಲ್ಟು ಹಳಿಗಳ ನಡುವಿನ ಸಂದಿಯಲ್ಲಿ ಕೆಳಗಿಳಿದು ಅಡಿಯಲ್ಲಿ ಒಂದು ಕಬ್ಬಿಣದ ಪಟ್ಟಿಯನ್ನು ಹಿಡಿದುಕೊಂಡಿರುತ್ತದೆ. ಮೇಲಿನ ನಟ್ಟಿಗೆ ಪಾನಾ ಹಾಕಿ ತಿರುಗಿಸಿದರೆ ಪಟ್ಟಿ ಮೇಲೆದ್ದು ಹಳಿಗಳ ಅಡಿಯನ್ನು ಕಚ್ಚಿಕೊಳ್ಳುತ್ತದೆ. ಉಳಿಯನ್ನು ಆನಿಸುವ ಕಬ್ಬಿಣಕ್ಕೆ ನಾವು ರೆಸ್ಟು ಎನ್ನುತ್ತಿದ್ದೆವು. ಅದಕ್ಕೂ ಇದೇ ಏರ್ಪಾಟು. ಒಂದು ಗುಂಬ ಮುಗಿಯುವಷ್ಟರಲ್ಲಿ ಪಾನಾ ಎಷ್ಟೋ ಸಲ ಏರಿ ಇಳಿಯುತ್ತಿತ್ತು.

ಆ ಲೇಥಿನ ಮೇಲೆ ಕೆಲಸ ಮಾಡುತ್ತಿದ್ದವರು ಕುರುಗೋಡಿನ ಒಬ್ಬ ಹಿರಿಯ ಮೇಸ್ತ್ರಿ. ದಿನಾ ಬೆಳಗಿನ ಬಸ್ಸಿಗೆ ಬರುತ್ತಿದ್ದರು, ಸಂಜೆಯ ಬಸ್ಸಿಗೆ ಹೋಗುತ್ತಿದ್ದರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಹಣೆಯ ತುಂಬ ವಿಭೂತಿ, ಬಾಯಲ್ಲಿ ಮಾತು ಕಡಿಮೆ. ಲೇಥನ್ನು ಮಾತ್ರ ಅವರು ತಾಯಿ ಎಂದೇ ಕರೆಯುತ್ತಿದ್ದರು. ಪ್ರತಿ ಅಮಾವಾಸ್ಯೆಗೂ ಕೆಲಸ ನಿಲ್ಲಿಸಿ ಅದಕ್ಕೆ ಪೂಜೆ. ಅವರ ಹೆಂಡತಿ ಮನೆಯಲ್ಲೇ ಔಡಲ ಬೀಜ ಹುರಿದು, ಕುಟ್ಟಿ, ಕುದಿಸಿ ತೆಗೆದ ಎಣ್ಣೆಯನ್ನು ಒಂದು ಸಣ್ಣ ಬಾಟಲಿಯಲ್ಲಿ ಕಳಿಸುತ್ತಿದ್ದಳು. ಕಾಕಾ ಅದನ್ನು ಲೇಥಿನ ಮೈಗೆಲ್ಲ ಹಚ್ಚುತ್ತಿದ್ದರು. ಆಮೇಲೆ ವಿಭೂತಿ, ಅರಿಸಿನ, ಕುಂಕುಮ. ಕಾಯಿ ಒಡೆದ ಮೇಲೆ ಎಲ್ಲರಿಗೂ ಮಂಡಕ್ಕಿ, ಕೊಬ್ಬರಿ. ನಾನು ಪೂಜೆಯ ಮನುಷ್ಯನಲ್ಲದಿದ್ದರೂ ಮಂಡಕ್ಕಿಯ ಮನುಷ್ಯನಂತೂ ಆಗಿದ್ದೆ.

ಅಂಥ ಒಂದು ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಕಾಕಾ ಜಾಲಿಯ ದಪ್ಪ ತುಂಡೊಂದನ್ನು ಏರಿಸಿ ಗುಂಬ ಕಡೆಯುತ್ತಿದ್ದರು. ನಾನು ಗರಗಸದ ಹತ್ತಿರ ಇದ್ದೆ. ಲೇಥಿನ ಸದ್ದು ಒಮ್ಮೆಲೇ ಬದಲಾಯಿತು. ತಿರುಗಿ ನೋಡುವುದರೊಳಗೆ ತುಂಡು ಮೊನೆಯಿಂದ ಕಳಚಿ, ಹಾರಿ, ರೆಸ್ಟಿಗೆ ಬಡಿದು ಬಿದ್ದಿತ್ತು. ನಡುವೆ ಕಾಕಾನ ಬಲಗೈ ಸಿಕ್ಕಿತ್ತು. ನಾನು ಓಡಿ ಮೋಟರು ಆರಿಸಿದೆ. ಹಿಂದಿನ ತಲೆ ಇದ್ದ ಜಾಗ ಬಿಟ್ಟು ಅಂಗೈ ಅಗಲದಷ್ಟು ಹಿಂದಕ್ಕೆ ಸರಿದು ನಿಂತಿತ್ತು. ಕಾಕಾ ಕೂಗಲಿಲ್ಲ. ಕೈಯನ್ನು ಎದೆಗೆ ಅವುಚಿಕೊಂಡು ಮರದ ಪುಡಿಯ ರಾಶಿಯ ಮೇಲೆ ಕೂತುಬಿಟ್ಟರು.

ಬಳ್ಳಾರಿಯ ಆಸ್ಪತ್ರೆಯಲ್ಲಿ ಮೂಳೆ ಕೂಡಿಸಿ ಕಟ್ಟು ಹಾಕಿದರು. ಕಟ್ಟು ಬಿಚ್ಚಿದಾಗ ತೋರುಬೆರಳು, ನಡುಬೆರಳು ಮಡಚುತ್ತಿರಲಿಲ್ಲ. ಹೆಬ್ಬೆರಳಿನಲ್ಲಿ ಬಲವಿರಲಿಲ್ಲ. ಉಳಿಯನ್ನು ಎಡಗೈಯಲ್ಲಿ ಹಿಡಿದು, ಬಲ ಅಂಗೈಯಿಂದ ಒತ್ತಿ ನಡೆಸಬಹುದಿತ್ತು. ಅದನ್ನು ಅವರು ಮನೆಯಲ್ಲಿ ಒಂದು ಕೋಲು ಹಿಡಿದು ನನಗೆ ಮಾಡಿ ತೋರಿಸಿದರು ಕೂಡ. ಆದರೆ ಪಾನಾ ಹಿಡಿದು ನಟ್ಟು ಬಿಗಿಯುವುದು ಆಗದ ಮಾತು.

ಅದಕ್ಕಿಂತ ಹೆಚ್ಚಾಗಿ ಅವರನ್ನು ತಿನ್ನುತ್ತಿದ್ದದ್ದು ಇನ್ನೊಂದು. ಶೆಡ್ಡಿನಲ್ಲಿ ಎಲ್ಲರೂ ಒಂದೇ ಮಾತು ಆಡುತ್ತಿದ್ದರು: ಮೇಸ್ತ್ರಿ ಅವತ್ತು ನಟ್ಟು ಬಿಗಿಯುವುದನ್ನೇ ಮರೆತಿದ್ದಾರೆ. ಬಿಗಿದ ತಲೆ ತಾನಾಗಿ ಜಾರುತ್ತದೆಯೇ?

"ಬಿಗಿ ಮಾಡೀನಿ ತಮ್ಮಾ," ಎಂದರು ಕಾಕಾ, ನಾನು ನೋಡಲು ಹೋದಾಗ. "ಪಾನಾ ಕಿರ್ ಅನ್ನೋತನಕ ಎಳದೀನಿ. ಈಗೀಗ ನನಗ ಅನುಮಾನ ಬರಾಕ ಹತ್ತೈತಿ. ಎಲ್ಲಾರೂ ಮರ್ತಿ ಮರ್ತಿ ಅಂದ್ರ, ಮರ್ತಿರಬೇಕೇನೋ ಅನಸ್ತೈತಿ."

ಅವರ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಅವಳೂ ನಂಬಿಲ್ಲ ಎಂದು ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು. ನನಗೆ ಬಹಳ ಕೆಟ್ಟದೆನಿಸಿತು.

ಸಾಹುಕಾರರು ಕೆಟ್ಟವರಲ್ಲ, ಲೆಕ್ಕದ ಮನುಷ್ಯ. ಆದೋನಿಯಿಂದ ಬೇರೆ ಕಡೆತದವನನ್ನು ಕರೆಸುತ್ತೇನೆ ಎಂದು ಹೇಳಿದ್ದರು. ನಾನು ಅವರ ಮುಂದೆ ಹೋಗಿ ನಿಂತೆ.

"ಪಾನಾ ಇಲ್ದಂಗ ಬಿಗಿಯಾಗೋ ಹಂಗ ಮಾಡಿದ್ರ ಮೇಸ್ತ್ರಿ ಮತ್ತ ಬರಬಹುದೇನ್ರಿ?"

"ಹೆಂಗ ಮಾಡ್ತಿ?"

"ಅಂಗೈಯಿಂದ ಒತ್ತಿದ್ರ ಕಚ್ಚಿಕೋಬೇಕು, ಎತ್ತಿದ್ರ ಬಿಡಬೇಕು. ಅಂಥಾದ್ದು ಏನರ ಮಾಡ್ತೀನಿ."

"ಹೊಸಾ ಸಾಮಾನು ಅಂತ ಕೇಳಬ್ಯಾಡ. ಗುಜರಿಯೊಳಗ ಏನ್ ಸಿಗತೈತೋ ಅದರಾಗ ಮಾಡು. ಆದೋನಿಯವನು ಬರಾಕ ಇನ್ನೂ ಟೈಮೈತಿ. ಅಲ್ಲೀತನ ನೋಡು."

ಇಷ್ಟು ಸಿಕ್ಕಿದ್ದೇ ದೊಡ್ಡದು ಎಂದುಕೊಂಡೆ.

ಮೊದಲು ಮಾಡಿದ್ದು ಬೆಣೆ. ಬೋಲ್ಟಿನ ಮೇಲ್ತುದಿಯಲ್ಲಿ ಒಂದು ಸೀಳು ಕೊರೆದು, ನಟ್ಟಿನ ಬದಲು ಆ ಸೀಳಿನಲ್ಲಿ ಜಾಲಿಯ ಬೆಣೆ ತೂರಿಸುವುದು. ಎಡಗೈಯಲ್ಲಿ ಕೊಡತಿ ಹಿಡಿದು ಒಂದೇಟು ಹಾಕಿದರೆ ಬಿಗಿ, ಹಿಂದಿನಿಂದ ಒಂದೇಟು ಹಾಕಿದರೆ ಸಡಿಲ. ಹಳೆಯ ಕಾಲದ ಕಟ್ಟಿಗೆಯ ಲೇಥುಗಳೆಲ್ಲ ಹೀಗೇ ಇದ್ದವು. ಸಿಟ್ಟು ಬರಿಸುವ ಸಂಗತಿ ಎಂದರೆ ಅದು ಬೆಳಿಗ್ಗೆ ಚೆನ್ನಾಗಿ ಹಿಡಿಯುತ್ತಿತ್ತು. ಮಧ್ಯಾಹ್ನದ ಬಿಸಿಲಿಗೆ ತಗಡಿನ ಶೆಡ್ಡು ಕಾದು ಹಂಚಾದಾಗ ಬೆಣೆ ಒಣಗಿ ಕುಗ್ಗಿ, ಲೇಥಿನ ನಡುಕಕ್ಕೆ ಇಷ್ಟಿಷ್ಟೇ ಹೊರಗೆ ಬರುತ್ತಿತ್ತು. ಮಂಚದ ಕಾಲೊಂದನ್ನು ನಾನೇ ಏರಿಸಿ ಕಡೆಯುತ್ತಿದ್ದಾಗ ಬೆಣೆ ಟಕ್ಕನೆ ನೆಲಕ್ಕೆ ಬಿತ್ತು. ನಾನು ಹಿಂದಕ್ಕೆ ಹಾರಿ ಮೋಟರು ಆರಿಸಿದೆ. ಬೆಣೆಯನ್ನು ಎತ್ತಿ ಒಲೆಗೆ ಹಾಕಿದೆ.

ಎರಡನೆಯ ಯೋಚನೆ ಬಂದದ್ದು ಟ್ರ್ಯಾಕ್ಟರಿನ ಟ್ರೇಲರ್ ನೋಡಿದಾಗ. ಭತ್ತ ಇಳಿಸಲು ಹಿಂದಿನ ಬಾಗಿಲು ಬಿಚ್ಚುವವನು ಒಂದು ಕಬ್ಬಿಣದ ಹಿಡಿಕೆಯನ್ನು ಮೇಲೆತ್ತಿದ, ಬಾಗಿಲು ಸಡಿಲವಾಯಿತು. ಇಳಿಸಿ ಒತ್ತಿದ, ಗಟ್ಟಿಯಾಯಿತು. ಹತ್ತಿರ ಹೋಗಿ ನೋಡಿದೆ. ಹಿಡಿಕೆಯ ಬುಡದಲ್ಲಿ ದುಂಡನೆಯ ಬಿಲ್ಲೆಯೊಂದಿತ್ತು. ಅದರ ತೂತು ನಡುವೆ ಇರಲಿಲ್ಲ, ಒಂದು ಬದಿಗಿತ್ತು. ಹೀಗಾಗಿ ಬಿಲ್ಲೆ ತಿರುಗಿದಾಗ ಅದರ ದಪ್ಪ ಬದಿ ಬಂದು ಒತ್ತುತ್ತಿತ್ತು. ಇದೇ ಬಿಲ್ಲೆಯನ್ನು ನಟ್ಟಿನ ಜಾಗದಲ್ಲಿ ಇಟ್ಟು ಬೋಲ್ಟಿಗೆ ಅಡ್ಡಮೊಳೆ ಹೊಡೆದರೆ, ಹಿಡಿಕೆ ಒತ್ತಿದಾಗ ಬೋಲ್ಟು ಮೇಲಕ್ಕೆ ಎಳೆದುಕೊಳ್ಳಬೇಕು, ಅಡಿಯ ಪಟ್ಟಿ ಹಳಿಗಳನ್ನು ಕಚ್ಚಬೇಕು.

ಬಳ್ಳಾರಿಗೆ ಹೋದೆ. ಗುಜರಿಯಲ್ಲಿ ಮುರಿದ ಲಾರಿ ಆಕ್ಸಲಿನ ತುಂಡು ಸಿಕ್ಕಿತು. ಹಿಡಿಕೆಗೆ ಹಳೆಯ ಸೈಕಲ್ಲಿನ ಪೆಡಲ್ ರಾಡುಗಳನ್ನು ಆರಿಸಿಕೊಂಡೆ, ಒಂದು ಹಿಂದಿನ ತಲೆಗೆ, ಇನ್ನೊಂದು ರೆಸ್ಟಿಗೆ. ಅಂಗೈಗೆ ಹದವಾಗಿ ಕೂರುವ ಕಬ್ಬಿಣ ಅದು. ಗಾಂಧಿನಗರದ ಕಡೆ ವೆಲ್ಡಿಂಗ್ ಮಾಡುವ ಗೆಳೆಯನೊಬ್ಬನಿದ್ದ. ಅವನು ಆಕ್ಸಲಿನಿಂದ ಎರಡು ಬಿಲ್ಲೆ ಕತ್ತರಿಸಿ, ನಾನು ಸುಣ್ಣದ ಕಡ್ಡಿಯಲ್ಲಿ ಗುರುತು ಹಾಕಿದ ಕಡೆ ತೂತು ಕೊರೆದು ಕೈಯಲ್ಲಿ ತಿರುಗಿಸಿ ನೋಡಿದ.

"ಇದು ಕುಡುದು ನಡಿಯೋರ ಗಾಲಿ ಆತಲ್ಲೋ ಮಾರಾಯಾ!" ಎಂದು ನಕ್ಕ. ಬಹಳ ದಿನದ ಮೇಲೆ ನಾನೂ ನಕ್ಕೆ.

ಆ ನಗೆ ಸಿರುಗುಪ್ಪ ಮುಟ್ಟುವವರೆಗೂ ಉಳಿಯಲಿಲ್ಲ. ತೂತನ್ನು ಬಹಳ ಅಂಚಿಗೆ ಕೊರೆಸಿದ್ದೆ. ಹೆಚ್ಚು ಎಳೆಯಲಿ ಎಂಬ ಆಸೆ. ಹಿಡಿಕೆ ಒತ್ತಿ ಕೈ ಬಿಟ್ಟ ಕೂಡಲೇ ಅದು ರಪ್ಪನೆ ಹಿಂದಕ್ಕೆ ಹಾರಿ ನನ್ನ ಮೊಣಕೈಗೆ ಬಡಿಯಿತು. ಅದು ಬಿಗಿಯೂ ನಿಲ್ಲಲಿಲ್ಲ, ನನ್ನ ಕೈಯೂ ಉಳಿಯಲಿಲ್ಲ. ಮತ್ತೆ ಬಳ್ಳಾರಿಗೆ ಹೋಗಿ, ಈ ಸಲ ನಡುವಿನಿಂದ ಬರೀ ಒಂದು ಭತ್ತದ ಕಾಳಿನಷ್ಟು ಆಚೆಗೆ ತೂತು ಹಾಕಿಸಿದೆ. ಎಳೆತ ಕಡಿಮೆ, ಆದರೆ ಒತ್ತಿದಲ್ಲೇ ನಿಲ್ಲುತ್ತದೆ. ಎಳೆತ ಕಡಿಮೆಯಾದದ್ದರಿಂದ ಅಡಿಯ ಪಟ್ಟಿ ಹಳಿಗೆ ತೀರ ಹತ್ತಿರ ಇರಬೇಕು. ಅದಕ್ಕಾಗಿ ಬೋಲ್ಟಿನ ಕೆಳತುದಿಗೆ ಎರಡು ನಟ್ಟು ಹಾಕಿ, ಪಟ್ಟಿಯನ್ನು ಬೇಕಾದಷ್ಟು ಮೇಲೆ ಕೆಳಗೆ ಮಾಡಿ ಒಂದೇ ಸಲ ಹೊಂದಿಸಿ ಬಿಡುವ ಹಾಗೆ ಮಾಡಿದೆ.

ಈಗ ಹಿಡಿಕೆ ನಿಂತಿತು. ಎರಡೂ ಕೈಯಿಂದ ದೂಡಿದರೂ ಹಿಂದಿನ ತಲೆ ಅಲುಗಲಿಲ್ಲ. ಸಂತೋಷದಿಂದ ಜಾಲಿಯ ತುಂಡೊಂದನ್ನು ಏರಿಸಿ ಮೋಟರು ಹಾಕಿ, ದೂರ ನಿಂತು ನೋಡಿದೆ. ಸ್ವಲ್ಪ ಹೊತ್ತು ಸರಿಯಾಗಿ ತಿರುಗಿತು. ಉಳಿ ಆನಿಸಿದೆ. ಸದ್ದು ಬದಲಾಯಿತು. ಅವತ್ತಿನ ಅದೇ ಸದ್ದು! ಮೋಟರು ಆರಿಸಿದಾಗ ಹಿಂದಿನ ತಲೆ ಬೆರಳಗಲ ಹಿಂದಕ್ಕೆ ಸರಿದಿತ್ತು. ಹಿಡಿಕೆ ಮಾತ್ರ ಒತ್ತಿದಂತೆಯೇ ಇತ್ತು.

ಪಟ್ಟಿ ಡೊಂಕಾಗಿರಬೇಕು ಎಂದುಕೊಂಡು ಅದನ್ನು ತೆಗೆದಿಟ್ಟು, ಲಾರಿಯ ಕಮಾನಿನ ಪಟ್ಟಾ ತುಂಡೊಂದನ್ನು ಕತ್ತರಿಸಿ, ಅರದಿಂದ ಉಜ್ಜಿ ಸಮ ಮಾಡಿ ಹಾಕಿದೆ. ಆಗಲೂ ಜಾರಿತು. ಬಿಲ್ಲೆಯನ್ನು ಬದಲಿಸಿದೆ. ಜಾರಿತು. ಎಲ್ಲ ತೆಗೆದು ಹಳೆಯ ನಟ್ಟನ್ನೇ ಹಾಕಿ, ಪಾನಾದ ಹಿಡಿಗೆ ಪೈಪು ತೂರಿಸಿ ಕಾಲು ಕೊಟ್ಟು ಬಿಗಿದೆ. ಆದರೂ ಕೊನೆಗೆ ಸರಿಯಿತು. ನನಗೆ ಆ ಲೇಥಿನ ಮೇಲೆ, ಸಾಹುಕಾರರ ಮೇಲೆ, ಕಂಟೋನ್ಮೆಂಟಿನಲ್ಲಿ ಅದನ್ನು ಮೊದಲು ಇಟ್ಟುಕೊಂಡಿದ್ದ ಯಾವನೋ ಬಿಳಿಯ ದೊರೆಯ ಮೇಲೆ, ಎಲ್ಲರ ಮೇಲೂ ಸಿಟ್ಟು ಬಂತು. ಆದೋನಿಯವನು ಬರುತ್ತಾನೆ ಎಂದು ಶೆಡ್ಡಿನಲ್ಲಿ ಮಾತು ಜೋರಾಗಿತ್ತು. ಪಾನಾವನ್ನು ಮೂಲೆಗೆ ಎಸೆದು, ಮರದ ಪುಡಿಯ ಮೇಲೆ ಲೇಥಿನ ಕಾಲಿಗೆ ಒರಗಿ ಕೂತೆ.

ಕೂತದ್ದಕ್ಕೇ ಅದು ಕಂಡಿತು. ಕಾಕಾ ಪೂಜೆಗೆ ಹಚ್ಚಿದ ಕುಂಕುಮದ ಗೆರೆಯೊಂದು ಹಳಿಯ ಪಕ್ಕದಿಂದ ಇಳಿದು ಅಡಿಯವರೆಗೂ ಹೋಗಿತ್ತು. ಹಳಿಯ ಅಡಿಯನ್ನು ಯಾರೂ ನೋಡುವುದಿಲ್ಲ. ನಾನೂ ಅಲ್ಲಿಯವರೆಗೆ ಪಟ್ಟಿಯನ್ನು ಕೈ ತಡವರಿಸಿಯೇ ಹಾಕಿ ತೆಗೆದು ಮಾಡುತ್ತಿದ್ದೆ. ಮಲಗಿ, ಬ್ಯಾಟರಿ ಹಿಡಿದು, ಕೆಳಗಿನಿಂದ ನೋಡಿದೆ. ಕಬ್ಬಿಣವೇ ಕಾಣಲಿಲ್ಲ. ಹಳಿಯ ಅಡಿಯುದ್ದಕ್ಕೂ ಬೆಲ್ಲದ ಬಣ್ಣದ ಒಂದು ಪದರು ಕಟ್ಟಿತ್ತು. ಉಗುರಿನಿಂದ ಕೆರೆದರೆ ತುಪ್ಪದ ಗಡಿಗೆಯ ಜಿಡ್ಡಿನ ಹಾಗೆ ಸುರುಳಿಯಾಗಿ ಬಂತು. ಒಳಗೆ ಕೆಂಪು, ಹಳದಿ, ಬೂದಿ ಬಣ್ಣದ ಎಳೆಗಳು. ಮೂಸಿ ನೋಡಿದೆ. ಔಡಲೆಣ್ಣೆ.

ತಾಯಿಯ ಬೆನ್ನಿಗೂ ಎಣ್ಣೆ ಹಚ್ಚಬೇಕು ಎಂದು ಕಾಕಾ ಪ್ರತಿ ಅಮಾವಾಸ್ಯೆಗೆ ಲೇಥಿನ ಅಡಿಗೆ ತೂರಿ ಬಟ್ಟೆಯಿಂದ ಒರೆಸುತ್ತಿದ್ದದ್ದು ನೆನಪಾಯಿತು. ಮೇಲಿನ ಎಣ್ಣೆಯನ್ನು ಮರುದಿನ ಒರೆಸಿ ತೆಗೆಯುತ್ತಿದ್ದರು, ಅಡಿಯದನ್ನು ಹಾಗೇ ಬಿಡುತ್ತಿದ್ದರು. ತುಕ್ಕು ಹಿಡಿಯದಿರಲಿ ಎಂದು. ವರ್ಷಗಳ ಎಣ್ಣೆ, ವಿಭೂತಿ, ಮರದ ಪುಡಿ ಸೇರಿ ಗಟ್ಟಿಯಾಗಿತ್ತು. ಅದರ ಮೇಲೆ ಹೊಸ ಎಣ್ಣೆ. ನಟ್ಟು ಬಿಗಿದಾಗ ಪಟ್ಟಿ ಕಚ್ಚುತ್ತಿದ್ದದ್ದು ಕಬ್ಬಿಣವನ್ನಲ್ಲ, ಈ ಪದರನ್ನು. ಕೈಗೆ ಗಟ್ಟಿ ಎನಿಸುತ್ತಿತ್ತು. ಮೋಟರಿನ ನಡುಕಕ್ಕೆ ಪದರು ಸಡಿಲಗೊಂಡು ತಲೆ ಮೆಲ್ಲಗೆ ಹಿಂದಕ್ಕೆ ಹೋಗುತ್ತಿತ್ತು.

ಮುಂದೆ ಮಾಡಿದ್ದು ಹೊಲಸು ಕೆಲಸ. ಮೇಲಿನದನ್ನೆಲ್ಲ ಬಿಚ್ಚಿ ಕೆಳಗಿಟ್ಟು, ಹಳಿಯ ಅಡಿಯನ್ನು ಹಳೆಯ ಉಳಿಯಿಂದ ಕೆರೆದೆ. ಸೀಮೆಎಣ್ಣೆಯಲ್ಲಿ ತೊಳೆದೆ. ಒಣ ಬಟ್ಟೆಯಿಂದ ಒರೆಸಿ, ಉಪ್ಪುಕಾಗದ ಹಾಕಿ, ಕಬ್ಬಿಣ ಬೆಳ್ಳಗೆ ಕಾಣುವವರೆಗೂ ಉಜ್ಜಿದೆ. ಕೆರೆದು ತೆಗೆದದ್ದನ್ನು ಒಂದು ತಗಡಿನ ಡಬ್ಬಿಯಲ್ಲಿ ತುಂಬಿಟ್ಟೆ. ಪಟ್ಟಿಯ ಮುಖವನ್ನು ಅರದಿಂದ ಸ್ವಲ್ಪ ಒರಟು ಮಾಡಿ ಒಣದಾಗಿಯೇ ಹಾಕಿದೆ. ಪೆಡಲ್ ರಾಡನ್ನು ಅಂಗೈಯಿಂದ ಒತ್ತಿದೆ. ಜಾಲಿಯ ತುಂಡು ಏರಿಸಿ, ಉಳಿ ಆಳಕ್ಕೆ ಕೊಟ್ಟು, ಬೇಕೆಂದೇ ಒರಟಾಗಿ ಕಡೆದೆ. ಹಿಂದಿನ ತಲೆ ಕೂದಲೆಳೆಯಷ್ಟೂ ಸರಿಯಲಿಲ್ಲ.

ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ನನಗೆ ಕಾಕಾನ ವಿಷಯ ಖಚಿತವಾಗಬೇಕಿತ್ತು. ಹಳೆಯ ಪಟ್ಟಿ, ಹಳೆಯ ನಟ್ಟು ಹಾಕಿ, ಸ್ವಚ್ಛ ಹಳಿಯ ಮೇಲೆ ಪಾನಾದಿಂದ ಬರೀ ಕೈಯಲ್ಲಿ ಬಿಗಿದು ಓಡಿಸಿದೆ. ನಿಂತಿತು. ಆಮೇಲೆ ಡಬ್ಬಿಯ ಜಿಡ್ಡನ್ನೇ ಹಳಿಯ ಅಡಿಗೆ ಬಳಿದು, ಎಣ್ಣೆ ಹಚ್ಚಿ, ಇನ್ನೂ ಜೋರಾಗಿ ಬಿಗಿದು ಓಡಿಸಿದೆ. ಜಾರಿತು. ಅಂದರೆ ಅವತ್ತು ಕಾಕಾ ಮರೆತಿರಲಿಲ್ಲ. ನಟ್ಟು ಬಿಗಿದಿದ್ದರು. ಮತ್ತೊಮ್ಮೆ ಎಲ್ಲ ತೊಳೆದು ಸ್ವಚ್ಛ ಮಾಡಿ, ಹಿಡಿಕೆ ಕೂಡಿಸಿ, ಮರುದಿನವೇ ಕುರುಗೋಡಿನ ಬಸ್ಸು ಹತ್ತಿದೆ.

ಕಾಕಾ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಅವರ ಹೆಂಡತಿ, ಕಾಕಿ, ಶೇಂಗಾ ಸುಲಿಯುತ್ತಿದ್ದಳು. ಹೊಸ್ತಿಲು ದಾಟುತ್ತಲೇ ಹೇಳಿದೆ, "ಕಾಕಾ, ನೀವು ಮರ್ತಿರಲಿಲ್ಲರಿ. ಬಿಗಿ ಮಾಡಿದ್ರಿ. ನಾನು ಮಾಡಿ ನೋಡೀನಿ."

ಅವರು ಒರಗಿದ್ದ ಗೋಡೆ ಬಿಟ್ಟು ನೆಟ್ಟಗೆ ಕೂತರು. ಆಮೇಲೆ ಹೆಂಡತಿಯ ಕಡೆ ತಿರುಗಿದರು. "ಕೇಳಿಸ್ತೇನ?"

"ಕೇಳಿಸ್ತು," ಎಂದಳು ಅವಳು. ಕಣ್ಣು ಒರೆಸಿಕೊಂಡು, ನನಗೆ ಚಹಾ ಮಾಡಲು ಒಳಗೆ ಹೋದಳು.

"ಮತ್ತ ಯಾಕ ಜಾರಿತು ತಮ್ಮಾ?" ಎಂದರು ಕಾಕಾ.

ಡಬ್ಬಿ ತೆಗೆದು ತೋರಿಸಿ ಎಲ್ಲವನ್ನೂ ಹೇಳಿದೆ. ನನಗೆ ಖುಷಿಯಿತ್ತು, ಹೇಳುವ ಭರದಲ್ಲಿ ಅವರ ಮುಖ ನೋಡಲಿಲ್ಲ. ಅವರು ಸೆಟೆದ ಬೆರಳುಗಳಿಂದ ಡಬ್ಬಿಯಲ್ಲಿದ್ದದ್ದನ್ನು ಮುಟ್ಟಿ, ಮೂಗಿನ ಹತ್ತಿರ ತಂದರು. ಒಳಗೆ ಚಹಾದ ಪಾತ್ರೆಯ ಸದ್ದಾಯಿತು. ಅವರು ಗಡಬಡಿಸಿ ಡಬ್ಬಿಯ ಮುಚ್ಚಳ ಹಾಕಿ ನನ್ನ ಚೀಲಕ್ಕೆ ತಳ್ಳಿದರು. ಚಹಾ ಕುಡಿಯುವಾಗ ಮಳೆ, ಭತ್ತ, ಬಸ್ಸಿನ ಮಾತಾಡಿದರು. ನಾಳೆ ಬಂದು ಹಿಡಿಕೆ ನೋಡುತ್ತೇನೆ ಎಂದರು.

ಮರುದಿನ ಬಂದರು. ವಿಭೂತಿ ಹಚ್ಚಿಕೊಂಡು, ಒಗೆದ ಅಂಗಿ ಹಾಕಿಕೊಂಡು ಬಂದಿದ್ದರು. ಸಾಹುಕಾರರೂ ಕುರ್ಚಿ ಹಾಕಿಸಿಕೊಂಡು ಕೂತರು. ಕೆಲಸದವರೆಲ್ಲ ಸುತ್ತ ನಿಂತರು. ಅವರಲ್ಲಿ ಅರ್ಧ ಜನ ಕುರುಗೋಡಿನವರೇ. ಕಾಕಾ ಬಲ ಅಂಗೈಯಿಂದ ಪೆಡಲ್ ರಾಡನ್ನು ಒತ್ತಿದರು. ಟಕ್ ಎಂದು ಕೂತಿತು. ಎತ್ತಿದರು, ಬಿಟ್ಟಿತು. ಮತ್ತೆ ಒತ್ತಿದರು. ರೆಸ್ಟಿನದನ್ನೂ ಹಾಗೇ ಮಾಡಿ ನೋಡಿದರು. ಬೇವಿನ ತುಂಡೊಂದನ್ನು ಏರಿಸಿ, ಉಳಿಯನ್ನು ಎಡಗೈಯಲ್ಲಿ ಹಿಡಿದು, ಬಲ ಅಂಗೈ ಆನಿಸಿ, ತೊಟ್ಟಿಲ ಕಂಬವೊಂದನ್ನು ಕಡೆದರು. ಮೊದಲಿನಷ್ಟು ಬೇಗ ಅಲ್ಲ. ಆದರೆ ಗೆರೆಗಳು ಮೊದಲಿನಂತೆಯೇ ಎದ್ದು ಬಂದವು.

ಸಾಹುಕಾರರು ಕಂಬವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. "ಚೊಲೋ ಆಗೇತಿ," ಎಂದರು. ಆಮೇಲೆ ಪಕ್ಕದಲ್ಲಿ ಬಿದ್ದಿದ್ದ ಹಳೆಯ ಪಟ್ಟಿಯನ್ನು ಎತ್ತಿಕೊಂಡು ಕಣ್ಣಿಗೆ ನೇರ ಹಿಡಿದರು. "ಇದೂ ನೆಟ್ಟಗ ಐತಿ, ಸವದಿಲ್ಲ. ನಟ್ಟೂ ಚೊಲೋ ಐತಿ. ಹಂಗಾರ ಅವತ್ತು ಯಾಕ ಜಾರಿತು? ಇದು ನನಗ ಗೊತ್ತಾಗಬೇಕು. ನಾಳಿ ಮತ್ತ ಯಾರದರ ಕೈ ಹೋದ್ರ ನಾನು ಏನ್ ಹೇಳ್ಲಿ?"

ನಾನು ಚೀಲಕ್ಕೆ ಕೈ ಹಾಕಿದೆ. ಡಬ್ಬಿ ಕೈಗೆ ಸಿಕ್ಕಿತ್ತು.

"ನಾನು ಮರ್ತಿದ್ದೆರಿ," ಎಂದರು ಕಾಕಾ.

ಸಾಹುಕಾರರು ಅವರ ಕಡೆ ತಿರುಗಿದರು.

"ನಟ್ಟು ಬಿಗಿ ಮಾಡಿರಲಿಲ್ಲ. ಹೇಳಾಕ ನಾಚಿಕಿ ಆಗಿತ್ತು. ಇವನೂ ನನ್ನ ಮಾತು ನಂಬಿ ಏನೇನೋ ಮಾಡ್ಯಾನ."

ನಾನು ಬಾಯಿ ತೆರೆದೆ. ಕಾಕಾ ನನ್ನ ಕಡೆ ನೋಡಿದರು. ಅಂಥ ನೋಟವನ್ನು ಅವರ ಕಣ್ಣಲ್ಲಿ ಹಿಂದೆಂದೂ ನೋಡಿರಲಿಲ್ಲ. ಅದು ಬೇಡಿಕೊಳ್ಳುವ ನೋಟ. ನನ್ನ ಕೈ ಚೀಲದಲ್ಲೇ ಉಳಿಯಿತು.

ಸಾಹುಕಾರರು ಪಟ್ಟಿಯನ್ನು ಕೆಳಗಿಟ್ಟರು. "ಮೇಸ್ತ್ರಿ, ಕೈ ಹೋದ್ರ ಹಿಡಿಕಿ ಹಾಕಿ ನಡಸಬಹುದು. ಮರೆವು ಬಂದ್ರ ಮಷಿನ್ನಿನ ಮುಂದ ನಿಲ್ಲಸಾಕ ನನಗ ಧೈರ್ಯ ಇಲ್ಲರಿ. ತಪ್ಪು ತಿಳೀಬ್ಯಾಡ್ರಿ," ಎಂದರು. ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಇಂದಿಗೂ ಆಗಿಲ್ಲ, ಅದೇ ನನ್ನ ಹೊಟ್ಟೆ ಉರಿಸುವುದು.

ಬಸ್ ಸ್ಟ್ಯಾಂಡಿನಲ್ಲಿ ಕಾಕಾನ ಮೇಲೆ ಹರಿಹಾಯ್ದೆ. ಅಷ್ಟು ದಿನ ಬಿಸಿಲಲ್ಲಿ ಬಳ್ಳಾರಿಗೆ ಅಲೆದದ್ದು ಯಾರ ಸಲುವಾಗಿ ಎಂದು ಕೇಳಿದೆ. ಅವರು ಬೆಂಚಿನ ಮೇಲೆ ಕೂತು ನನ್ನ ಸಿಟ್ಟು ಇಳಿಯುವವರೆಗೂ ಕಾದರು.

"ಆ ಎಣ್ಣಿ ಕಾಸಿದಾಕಿ ಯಾರು?" ಎಂದರು ಆಮೇಲೆ. "ಬೀಜಾ ಹುರದು, ಕುಟ್ಟಿ, ಹೊಗಿಯೊಳಗ ಕುಂತು ಕಾಸ್ತಾಳ. ಗಂಡನ ಕೈಗೆ ತಾಯಿ ಕಾವಲಿರಲಿ ಅಂತ ಕಾಸ್ತಾಳ. ನೀನು ಡಬ್ಬಿ ತಗದಿದ್ರ ಸಂಜಿ ಬಸ್ಸಿಗೆ ಸುದ್ದಿ ಊರು ಮುಟ್ಟತಿತ್ತು. ತನ್ನ ಎಣ್ಣಿಯಿಂದ ನನ್ನ ಕೈ ಹೋತು ಅಂತ ಗೊತ್ತಾದ್ರ ಆಕಿ ಮತ್ತ ಉಣ್ಣಾಕಿಲ್ಲೋ ತಮ್ಮಾ."

"ಕಾಕಿಗೆ ತಿಳಿಸಿ ಹೇಳಬಹುದಿತ್ತು."

"ಏನಂತ ಹೇಳ್ತಿ? ಎಣ್ಣೀದಲ್ಲ, ಪೂಜೀದಲ್ಲ, ಹಳೀ ಅಡಿಗೆ ಹಚ್ಚಿದ್ದರ ತಪ್ಪು ಅಂತನಾ? ಆ ಲೆಕ್ಕ ನಿನಗ ತಿಳೀತೈತಿ. ಆಕಿಗೆ ತಿಳಿಯೋದು ಒಂದ. ಮರ್ತೆ ಅಂದ್ರ ನನ್ನೊಬ್ಬನ ಮ್ಯಾಲೆ ಹೋತು. ಬಿಡು."

ಬಸ್ಸು ಬಂತು. ಹತ್ತುವಾಗ ಅವರು ಬಲ ಅಂಗೈಯನ್ನು ಕಂಬಿಗೆ ಒತ್ತಿ ಹಿಡಿದು ಮೇಲೇರಿದರು, ಪೆಡಲ್ ರಾಡು ಒತ್ತಿದ ಹಾಗೆಯೇ. ನಾನು ಡಬ್ಬಿಯನ್ನು ಕಾಲುವೆಗೆ ಎಸೆದು ಶೆಡ್ಡಿಗೆ ವಾಪಸಾದೆ.

ಆದೋನಿಯವನು ಬಂದ. ಹಿಡಿಕೆಗಳನ್ನು ನೋಡಿ ಬಹಳ ಮೆಚ್ಚಿದ. ಅಮಾವಾಸ್ಯೆಗೆ ಕುಂಕುಮ ಹಚ್ಚಲಿ, ಹಳಿಯ ಅಡಿಗೆ ಮಾತ್ರ ಎಣ್ಣೆ ಬೇಡ, ಹಳೆಯ ಮೇಸ್ತ್ರಿಯ ಕಟ್ಟಪ್ಪಣೆ ಅದು ಎಂದು ಅವನಿಗೆ ಹೇಳಿದೆ. ಮೇಸ್ತ್ರಿಯ ಹೆಸರಲ್ಲಿ ಹೇಳಿದ್ದರಿಂದ ಅವನು ನಂಬಿದ. ಆ ತಲೆ ಮತ್ತೆ ಜಾರಲಿಲ್ಲ.

ಕಾಕಾನ ನಿರ್ಧಾರ ಸರಿ ಎಂದು ನಾನು ಆಗಲೂ ಒಪ್ಪಿರಲಿಲ್ಲ, ಈಗಲೂ ಒಪ್ಪುವುದಿಲ್ಲ. ಸುಗ್ಗಿ ಮುಗಿದ ಮೇಲೆ ಒಂದು ದಿನ ಮನಸ್ಸು ತಡೆಯದೆ ಕುರುಗೋಡಿಗೆ ಹೋದೆ. ಬಾಯಿಬಿಟ್ಟು ಹೇಳಿಬಿಡಬೇಕು ಎಂದೇ ಹೋಗಿದ್ದೆ. ಕಾಕಾ ಗೋಡೆಗೆ ಒರಗಿ ಅದೇ ಜಾಗದಲ್ಲಿ ಕೂತಿದ್ದರು. ಇನ್ನಷ್ಟು ಇಳಿದುಹೋಗಿದ್ದರು. "ಹಿಡೀತೈತೇನು?" ಎಂದರು. "ಹಿಡೀತೈತ್ರಿ ಕಾಕಾ," ಎಂದೆ. ಆಮೇಲೆ ಅವರು ಎದ್ದು ಹಿತ್ತಲಿನ ಆಕಳಿಗೆ ನೀರಿಡಲು ಹೋಗಿ ಬಂದರು. ಅವರು ಬಂದು ಕೂತ ಕೂಡಲೇ ಕಾಕಿ ಎದ್ದು ಹೋಗಿ, ಆಕಳ ಹಗ್ಗದ ಗಂಟು ಸರಿಯಿದೆಯೇ ಎಂದು ಎಳೆದು ನೋಡಿ ಬಂದಳು. ಮುಚ್ಚಿದ ಹಿತ್ತಲ ಬಾಗಿಲಿನ ಚಿಲಕವನ್ನೂ ಮುಟ್ಟಿ ನೋಡಿದಳು. ಕಾಕಾ ನೆಲ ನೋಡುತ್ತ ಕೂತರು.

"ಯಪ್ಪಾ, ಒಂದು ಕೇಳ್ತೀನಿ," ಎಂದಳು ಕಾಕಿ. "ಅವತ್ತು ಬಂದು ಹೇಳಿದ್ಯಲ್ಲ, ಇವ್ರು ಮರ್ತಿಲ್ಲ, ಬಿಗಿ ಮಾಡಿದ್ರು ಅಂತ. ಮರುದಿನ ಇವ್ರ ಒಪ್ಪಿಕೊಂಡು ಬಂದ್ರು. ಹಂಗಾರ ನೀನು ನಮ್ಮ ಸಮಾಧಾನಕ್ಕ ಅಂದಿದ್ದೇನ?"

ಕಾಕಾ ತಲೆ ಎತ್ತಲಿಲ್ಲ. ಸೆಟೆದ ಎರಡು ಬೆರಳನ್ನು ಎಡಗೈಯಿಂದ ತಿಕ್ಕುತ್ತಿದ್ದರು. ನಾನು ಏನು ಹೇಳಬೇಕೆಂದು ಬಸ್ಸಿನಲ್ಲಿ ಪೂರ್ತಿ ಜೋಡಿಸಿಕೊಂಡು ಬಂದಿದ್ದೆ.

"ಹೂಂ ಕಾಕಿ," ಎಂದೆ. "ಸಮಾಧಾನಕ್ಕ ಅಂದಿದ್ದೆ."

"ನಾನೂ ಹಂಗ ಅನ್ಕೊಂಡಿದ್ದೆ ಬಿಡು," ಎಂದು ಅವಳು ಒಳಗೆ ಹೋದಳು. ನಾನು ಹೊರಡಲು ಎದ್ದಾಗ ಒಂದು ಸಣ್ಣ ಬಾಟಲಿ ತಂದು ನನ್ನ ಕೈಗಿಟ್ಟಳು.

"ನಾಳಿ ಅಮಾಸಿ. ಇವ್ರಿಗೆ ಈಗ ಏನೂ ನೆನಪಿರಂಗಿಲ್ಲ. ನೀನರ ಮರೀದಂಗ ಮಷಿನ್ನಿಗೆ ಹಚ್ಚು. ಇನ್ನೊಬ್ಬರ ಕೈಯರ ಉಳೀಲಿ."

"ಆಗಲಿ ಕಾಕಿ," ಎಂದೆ. ಬಾಟಲಿ ಇನ್ನೂ ಬೆಚ್ಚಗಿತ್ತು. ಅದನ್ನು ಚೀಲದಲ್ಲಿ ನೆಟ್ಟಗೆ ನಿಲ್ಲಿಸಿಕೊಂಡು ಬಸ್ಸಿನ ಕಡೆ ನಡೆದೆ.